ಊಟವಾದ ಎಷ್ಟು ಹೊತ್ತಿಗೆ ವಾಂತಿ ಶುರುವಾಯಿತು?

ಮಾನ್ಯ ಸಂಪಾದಕರೇ,

ಮದುವೆ ಮನೆಯಲ್ಲೋ ಜಾತ್ರೆಯ ದಾಸೋಹದಲ್ಲೋ ವಿದ್ಯಾರ್ಥಿನಿಲಯದಲ್ಲೋ ಒಂದೇ ಪಂಕ್ತಿಯಲ್ಲಿ ಉಂಡವರು ಒಟ್ಟಿಗೆ ಅಸ್ವಸ್ಥರಾದ ಸುದ್ದಿ ನಿಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಷ್ಟು ಮಂದಿ ಆಸ್ಪತ್ರೆ ಸೇರಿದರು, ಎಷ್ಟು ಮಂದಿ ಚೇತರಿಸಿಕೊಂಡರು, ಯಾವ ಯಾವ ಅಧಿಕಾರಿಗಳು ಬಂದು ನೋಡಿ ಹೋದರು ಎಂಬ ವಿವರಗಳು ಅದರಲ್ಲಿ ಇರುತ್ತವೆ. ‘ವಿಷಾಹಾರ ಸೇವನೆ ಕಾರಣವೆಂದು ಶಂಕಿಸಲಾಗಿದೆ’ ಎಂಬ ಸಾಲು ಇರುತ್ತದೆ. ಎಷ್ಟೋ ಸಲ ಸಾಂಬಾರಿನಲ್ಲಿ ಹಲ್ಲಿ ಬಿದ್ದಿತ್ತು ಎಂಬ ಮಾತೂ ಇರುತ್ತದೆ. ಊಟವಾದ ಎಷ್ಟು ಹೊತ್ತಿನ ಮೇಲೆ ಮೊದಲನೆಯವರಿಗೆ ವಾಂತಿ ಶುರುವಾಯಿತು ಎಂಬುದು ಮಾತ್ರ ಇರುವುದಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಇಡೀ ಸುದ್ದಿಯಲ್ಲಿ ಎಲ್ಲಕ್ಕಿಂತ ಮೊದಲು ಬೇಕೆನಿಸುವುದು ಆ ಒಂದು ಅಂಕಿ. ಅದು ಏಕೆ ಮುಖ್ಯವೆಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಕೊಂಚ ಉದ್ದವಾಗಿದೆ, ಮನ್ನಿಸಬೇಕು.

ಊಟದ ಮೂಲಕ ಬರುವ ಕಾಯಿಲೆಯಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ. ಒಂದರಲ್ಲಿ ಜೀವಂತ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಗಿ, ಕರುಳಿನಲ್ಲಿ ನೆಲೆಯೂರಿ, ಅಲ್ಲಿ ಸಂತಾನ ಬೆಳೆಸಿಕೊಂಡ ಮೇಲೆ ಕಾಯಿಲೆ ತರುತ್ತದೆ. ಅದಕ್ಕೆ ಅರ್ಧ ದಿನದಿಂದ ಎರಡು ಮೂರು ದಿನಗಳವರೆಗೆ ಬೇಕಾಗುತ್ತದೆ. ಇನ್ನೊಂದರಲ್ಲಿ ಬ್ಯಾಕ್ಟೀರಿಯಾ ಊಟದಲ್ಲೇ, ಪಾತ್ರೆಯಲ್ಲೇ ಬೆಳೆದು, ಅಲ್ಲೇ ತನ್ನ ನಂಜನ್ನು ಬಿಟ್ಟಿರುತ್ತದೆ. ಇಂಗ್ಲಿಷಿನವರು ಟಾಕ್ಸಿನ್ ಎನ್ನುವುದನ್ನು ನಾನು ಇಲ್ಲಿ ನಂಜು ಎಂದೇ ಕರೆಯುತ್ತೇನೆ, ಏಕೆಂದರೆ ನಮ್ಮಲ್ಲಿ ಹಳ್ಳಿಯವರ ಬಾಯಲ್ಲೂ ಇರುವ ಮಾತು ಅದು. ಈ ಎರಡನೆಯ ದಾರಿಯಲ್ಲಿ ಎಲೆಯ ಮೇಲೆ ಬೀಳುವ ಹೊತ್ತಿಗೆ ನಂಜು ಸಿದ್ಧವಾಗಿರುತ್ತದೆ; ಆದ್ದರಿಂದ ಉಂಡವರಿಗೆ ಒಂದರಿಂದ ಆರು ಗಂಟೆಯೊಳಗೆ, ಕೆಲವೊಮ್ಮೆ ಅರ್ಧ ಗಂಟೆಯಲ್ಲೇ ವಾಂತಿ ಶುರುವಾಗುತ್ತದೆ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಹೆಚ್ಚಿನವರು ಒಂದು ದಿನದಲ್ಲಿ ಸುಧಾರಿಸಿಕೊಳ್ಳುತ್ತಾರೆ.

ಗಂಟೆಯ ಲೆಕ್ಕ ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ, ನಮ್ಮದೇ ಮನೆಯ ಗೃಹಪ್ರವೇಶದಿಂದ. ಹಿಂದಿನ ರಾತ್ರಿ ಹೋಮಕ್ಕೆ ಬಂದವರಿಗೆಂದು ಮಾಡಿದ ಅನ್ನ ದೊಡ್ಡ ಕೊಳಗದಲ್ಲಿ ಅರ್ಧದಷ್ಟು ಉಳಿದಿತ್ತು. ಅದನ್ನು ಮುಚ್ಚಿ, ಇಲಿ ಬೆಕ್ಕು ಮುಟ್ಟದಂತೆ ಮೇಲೊಂದು ಕಲ್ಲು ಹೇರಿ, ಅಡುಗೆಯವರು ಮಲಗಿದರು. ಬೆಳಗ್ಗೆ ಅದಕ್ಕೆ ಒಗ್ಗರಣೆ ಕೊಟ್ಟು, ನಿಂಬೆಹಣ್ಣು ಹಿಂಡಿ, ಹಬೆಯಾಡುವಂತೆ ಬಿಸಿ ಮಾಡಿ ಚಿತ್ರಾನ್ನ ಬಡಿಸಿದರು. ಎಂಟು ಗಂಟೆಗೆ ತಿಂಡಿ ತಿಂದವರಲ್ಲಿ ಹತ್ತು ಗಂಟೆಯಿಂದ ಹನ್ನೊಂದರ ಒಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ವಾಂತಿ ಮಾಡಿಕೊಂಡರು. ಉಪವಾಸವಿದ್ದ ನನ್ನ ತಾಯಿಗೂ ಪುರೋಹಿತರಿಗೂ ಏನೂ ಆಗಲಿಲ್ಲ. ಬಾವಿ ನೀರು ಕೆಟ್ಟಿದೆ ಎಂದರು ಕೆಲವರು, ಯಾರದೋ ಕಣ್ಣು ಬಿತ್ತು ಎಂದರು ಕೆಲವರು. ನಾಲ್ಕು ಜನರ ಕಷ್ಟಕ್ಕೆ ಒದಗುವ ಅಡುಗೆಯವರ ಮೇಲೆ ಬೈಗುಳದ ಮಳೆಯಾಯಿತು. ಅವರು ಕಣ್ಣೀರು ಹಾಕುತ್ತ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: ‘ಸ್ವಾಮಿ, ಕೈ ಸುಡುವಷ್ಟು ಬಿಸಿ ಮಾಡಿಯೇ ಬಡಿಸಿದೆ, ದೇವರಾಣೆ.’ ಅವರು ಹೇಳಿದ್ದು ನಿಜ. ಬಿಸಿ ಮಾಡಿದರೆ ಸರಿಹೋಗುತ್ತದೆ ಎಂದು ಅವರು ನಂಬಿದ್ದರು. ಅಂದು ಆ ಮನೆಯಲ್ಲಿದ್ದ ನಾವೆಲ್ಲರೂ ಹಾಗೆಯೇ ನಂಬಿದ್ದೆವು.

ಅಲ್ಲಿ ನಡೆದದ್ದನ್ನು ಪ್ರಯೋಗಾಲಯದಲ್ಲಿ ಸಾಬೀತು ಮಾಡಲು ಒಂದು ಹಿಡಿ ಚಿತ್ರಾನ್ನವೂ ಉಳಿದಿರಲಿಲ್ಲ, ಎಲ್ಲವನ್ನೂ ಗುಂಡಿಗೆ ಸುರಿದಾಗಿತ್ತು. ಆದರೆ ರಾತ್ರಿಯಿಡೀ ಮುಚ್ಚಿಟ್ಟ ಅನ್ನ, ಎರಡು ಮೂರು ಗಂಟೆಯಲ್ಲಿ ವಾಂತಿ, ಜ್ವರವಿಲ್ಲ, ಸಂಜೆಯೊಳಗೆ ಗುಣ ಎಂಬ ನಾಲ್ಕು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೆರಳು ನೇರವಾಗಿ ತೋರಿಸುವುದು ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಕಡೆಗೆ. ಇದು ಮಣ್ಣಿನಲ್ಲಿ ಇರುವಂಥದ್ದು. ಗದ್ದೆಯಿಂದ ಭತ್ತದೊಡನೆ ಅಕ್ಕಿಗೂ ಬರುತ್ತದೆ. ಕಷ್ಟಕಾಲ ಬಂದಾಗ ಇದು ಗಟ್ಟಿ ಕವಚದೊಳಗಿನ ಬೀಜಕವಾಗಿ ಮಲಗಿಬಿಡುತ್ತದೆ, ಮತ್ತು ಆ ಬೀಜಕಕ್ಕೆ ಅನ್ನ ಬೇಯುವ ಕುದಿಯನ್ನು ತಾಳಿಕೊಳ್ಳುವ ಶಕ್ತಿಯಿದೆ. ಬೇಯುವಾಗ ಪೈಪೋಟಿಗಿದ್ದ ಉಳಿದ ಜೀವಿಗಳೆಲ್ಲ ಸತ್ತಿರುತ್ತವೆ. ಅನ್ನ ಮೆಲ್ಲಗೆ ಆರುತ್ತ ಹೂಬೆಚ್ಚಗಾದಾಗ ಬೀಜಕಗಳು ಮೊಳೆತು, ತಡೆಯುವವರಿಲ್ಲದ ಜಾಗದಲ್ಲಿ ರಾತ್ರಿಯಿಡೀ ಬೆಳೆದು, ಸೆರುಲೈಡ್ ಎಂಬ ನಂಜನ್ನು ಅನ್ನಕ್ಕೆ ಬಿಡುತ್ತವೆ. ಇದು ಉಂಗುರದಂತೆ ಸುತ್ತಿಕೊಂಡ ಚಿಕ್ಕ ಅಣು. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯ ಉಪಕರಣಗಳನ್ನು ಶುದ್ಧಿಮಾಡುವ ಆಟೋಕ್ಲೇವ್‌ನ ಬಿಸಿಯಲ್ಲಿ, ಒಂದು ಗಂಟೆ ಇಟ್ಟರೂ ಇದು ಕೆಡುವುದಿಲ್ಲ. ಜಠರದ ಆಮ್ಲವೂ ಇದನ್ನು ಮುರಿಯಲಾರದು. ಒಗ್ಗರಣೆಯ ಬಾಣಲೆ ಇದನ್ನು ಏನು ಮಾಡೀತು?

ನಿಂಬೆಹಣ್ಣಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಹುಳಿ ಈ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುತ್ತದೆ ಎಂಬುದು ಸತ್ಯ. ಪುಳಿಯೋಗರೆಯನ್ನು ಬುತ್ತಿ ಕಟ್ಟಿಕೊಂಡು ದಾರಿ ನಡೆದ ನಮ್ಮ ಹಿರಿಯರ ಅನುಭವದಲ್ಲಿ ಆ ಸತ್ಯವಿದೆ. ಆದರೆ ಅವರು ಹುಣಿಸೆಯ ಗೊಜ್ಜನ್ನು ಆಗತಾನೆ ಮಾಡಿದ ಅನ್ನಕ್ಕೆ ಕಲಸುತ್ತಿದ್ದರು. ಕಲಸುವ ಮೊದಲು ಅನ್ನವನ್ನು ಬಾಳೆ ಎಲೆಯ ಮೇಲೋ ಒಗೆದ ಬಿಳಿ ಪಂಚೆಯ ಮೇಲೋ ತೆಳ್ಳಗೆ ಹರಡಿ ಆರಿಸುತ್ತಿದ್ದರು, ಅಗುಳು ಬಿಡಿಬಿಡಿಯಾಗಲಿ ಎಂದು. ಹಾಗೆ ಹರಡಿದ ಅನ್ನ ಬೇಗ ತಣ್ಣಗಾಗುತ್ತದೆ, ತೇವವೂ ಹಾರಿಹೋಗುತ್ತದೆ. ಕೊಳಗದಲ್ಲಿ ಗುಡ್ಡೆಯಾಗಿ ಮುಚ್ಚಿಟ್ಟ ಅನ್ನದ ನಡುಭಾಗವಾದರೋ ಬೆಳಗಿನ ಜಾವಕ್ಕೂ ಬೆಚ್ಚಗೇ ಇರುತ್ತದೆ. ಆ ಅನ್ನಕ್ಕೆ ಬೆಳಗ್ಗೆ ಎಷ್ಟೇ ನಿಂಬೆಹಣ್ಣು ಹಿಂಡಿದರೂ ರಾತ್ರಿ ಸೇರಿಹೋದ ನಂಜು ಹೋಗುವುದಿಲ್ಲ.

ಇದೇ ಗಂಟೆಗಳ ಒಳಗೆ ವಾಂತಿ ತರುವ ಇನ್ನೊಂದು ಬ್ಯಾಕ್ಟೀರಿಯಾ ಸ್ಟಫೈಲೊಕಾಕಸ್ ಆರಿಯಸ್. ಇದಕ್ಕೆ ಬೀಜಕವಿಲ್ಲ, ಅಡುಗೆಯ ಬಿಸಿಗೆ ಸಾಯುತ್ತದೆ. ಆದರೆ ಇದು ಬರುವುದೇ ಅಡುಗೆ ಮುಗಿದ ಮೇಲೆ, ಮನುಷ್ಯರ ಕೈಯಿಂದ. ಹತ್ತು ಜನರಲ್ಲಿ ಸುಮಾರು ಮೂವರ ಮೂಗಿನೊಳಗೆ ಇದು ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಬೆರಳಿನ ಗಾಯ, ಉಗುರುಸುತ್ತು, ಕೀವು ತುಂಬಿದ ಕುರುಗಳಲ್ಲಿ ಇದು ಹೇರಳ. ಮೂಗು ಮುಟ್ಟಿಕೊಂಡ ಕೈಯಿಂದ ಪೇಡ ಕಟ್ಟಿದರೆ, ಗಾಯಕ್ಕೆ ಬಟ್ಟೆ ಸುತ್ತಿದ ಬೆರಳಿನಿಂದ ಹೂರಣ ಉಂಡೆ ಮಾಡಿದರೆ, ಆಮೇಲೆ ಅದನ್ನು ಬೇಸಿಗೆಯ ಮಧ್ಯಾಹ್ನದಲ್ಲಿ ಗಂಟೆಗಟ್ಟಲೆ ಹಾಗೇ ಇಟ್ಟರೆ ಸಾಕು. ಇದು ಬಿಡುವ ನಂಜು ಕರುಳಿನ ನರಗಳನ್ನು ಕೆರಳಿಸಿ, ಮಿದುಳಿನ ವಾಂತಿಯ ಕೇಂದ್ರಕ್ಕೆ ಸಂಕೇತ ಕಳಿಸುತ್ತದೆ. ಬ್ಯಾಕ್ಟೀರಿಯಾ ಕುದಿಯಲ್ಲಿ ಸಾಯುತ್ತದೆ, ಆದರೆ ಅದು ಬಿಟ್ಟ ನಂಜು ಅರ್ಧ ಗಂಟೆ ಕುದಿಸಿದರೂ ಉಳಿಯಬಲ್ಲದು.

ಇದನ್ನು ಹೈನುಗಾರರು ಬೇಗ ಅರ್ಥಮಾಡಿಕೊಳ್ಳುತ್ತಾರೆ. 1914ರಲ್ಲಿ ಫಿಲಿಪ್ಪೀನ್ಸ್‌ನಲ್ಲಿದ್ದ ಬಾರ್ಬರ್ ಎಂಬ ವಿಜ್ಞಾನಿ ಕೆಚ್ಚಲು ಬಾವು ಆದ ಹಸುವಿನ ಹಾಲನ್ನು ತಾನೇ ಕುಡಿದು ಪರೀಕ್ಷಿಸಿದರು. ಕರೆದ ಕೂಡಲೇ ಕುಡಿದರೆ ಏನೂ ಆಗುತ್ತಿರಲಿಲ್ಲ. ಕೆಲವು ಗಂಟೆ ಹೊರಗಿಟ್ಟ ಹಾಲನ್ನು ಕುಡಿದರೆ ವಾಂತಿಯಾಗುತ್ತಿತ್ತು. ಹಸುವೂ ಅದೇ, ಬ್ಯಾಕ್ಟೀರಿಯಾವೂ ಅದೇ. ನಡುವೆ ಸೇರಿಕೊಂಡದ್ದು ಬೆಚ್ಚಗಿನ ಕೆಲವು ಗಂಟೆಗಳು ಮಾತ್ರ. ಇದಾಗಿ ಎಂಬತ್ತಾರು ವರ್ಷಗಳ ಮೇಲೆ, 2000ನೇ ಇಸವಿಯಲ್ಲಿ, ಜಪಾನಿನ ಹೊಕ್ಕೈಡೊ ದ್ವೀಪದ ಹಾಲಿನ ಪುಡಿ ಕಾರ್ಖಾನೆಯೊಂದರಲ್ಲಿ ಕೆಲವು ಗಂಟೆ ಕರೆಂಟು ಹೋಗಿ ಹಾಲು ಬೆಚ್ಚಗೆ ನಿಂತಿತು. ಆಮೇಲೆ ಆ ಹಾಲನ್ನು ಕಾಯಿಸಿ ಪುಡಿ ಮಾಡಿದರು. ಬ್ಯಾಕ್ಟೀರಿಯಾ ಸತ್ತಿತು, ನಂಜು ಪುಡಿಯಲ್ಲಿ ಉಳಿಯಿತು. ಆ ಪುಡಿಯಿಂದ ಒಸಾಕಾದಲ್ಲಿ ತಯಾರಾದ ಹಾಲು ಕುಡಿದು 13 ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಶುಚಿತ್ವಕ್ಕೆ ಹೆಸರಾದ ದೇಶದಲ್ಲಿ, ಆಧುನಿಕ ಯಂತ್ರಗಳ ನಡುವೆ ಆದದ್ದು ಇದು. ಕಾಯಿಸಿದ್ದೇವೆ ಎಂಬ ಭರವಸೆ ಎಷ್ಟು ದೊಡ್ಡವರನ್ನೂ ಮೋಸಗೊಳಿಸಬಲ್ಲದು ಎಂಬುದಕ್ಕೆ ನನ್ನ ಶಿಷ್ಯರಿಗೆ ನಾನು ಯಾವಾಗಲೂ ಹೇಳುತ್ತಿದ್ದ ಉದಾಹರಣೆ ಇದೇ.

ಇನ್ನು ಊಟವಾದ ಎಂಟರಿಂದ ಹದಿನಾರು ಗಂಟೆಯ ಹೊತ್ತಿಗೆ, ವಾಂತಿ ಕಡಿಮೆ, ಹೊಟ್ಟೆ ನುಲಿತ ಮತ್ತು ಭೇದಿ ಹೆಚ್ಚು ಎಂದಾದರೆ ಕಥೆ ಬೇರೆ. ಬೀಗರೂಟಕ್ಕೆಂದು ಕೊಪ್ಪರಿಗೆಯಲ್ಲಿ ಮಾಡಿದ ಮಾಂಸದ ಸಾರು ರಾತ್ರಿಯೆಲ್ಲ ಹಾಗೇ ಉಳಿದಾಗ ಇದು ಹೆಚ್ಚಾಗಿ ಕಾಣುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ, ಸಾರು ನಲವತ್ತೈದು ಡಿಗ್ರಿಯ ಆಸುಪಾಸಿನಲ್ಲಿದ್ದಾಗ, ಹತ್ತೇ ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಆದರೆ ಇದು ತನ್ನ ನಂಜನ್ನು ಬಿಡುವುದು ಸಾರಿನಲ್ಲಲ್ಲ, ನಮ್ಮ ಕರುಳಿಗೆ ಬಂದ ಮೇಲೆ. ಹಾಗಾಗಿ ಇಲ್ಲಿ ಮಾತ್ರ, ಸಾರನ್ನು ತಳದಿಂದ ತಿರುವಿ ಚೆನ್ನಾಗಿ ಕುದಿಸಿ ಬಿಸಿಯಾಗಿರುವಾಗಲೇ ಬಡಿಸಿದರೆ ಅಪಾಯ ತಪ್ಪುತ್ತದೆ. ಒಂದು ದಿನ ಕಳೆದ ಮೇಲೆ ಜ್ವರ ಮತ್ತು ಭೇದಿಯೊಡನೆ ಬಂದರೆ ಸಾಲ್ಮೊನೆಲ್ಲಾದಂಥ ಸೋಂಕನ್ನು ಶಂಕಿಸಬೇಕು. ಆಗ ನಿನ್ನೆಯ, ಮೊನ್ನೆಯ ಊಟವನ್ನೂ ವಿಚಾರಿಸಬೇಕಾಗುತ್ತದೆ. ಗಂಟೆ ಕೇಳದೆ ಕೊನೆಯ ಊಟದ ಮೇಲೆ ತಪ್ಪು ಹೊರಿಸಿದರೆ ನಿರಪರಾಧಿಯಾದ ಅಡುಗೆಯವರು ಸಿಕ್ಕಿಬೀಳುತ್ತಾರೆ, ನಿಜವಾದ ಕಾರಣ ಉಳಿದುಬಿಡುತ್ತದೆ.

ಹಲ್ಲಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗೋಡೆಯ ಹಲ್ಲಿಗೆ ವಿಷವಿಲ್ಲ. ಅದರ ಕರುಳಿನಲ್ಲಿ ಸಾಲ್ಮೊನೆಲ್ಲಾ ಇರಬಹುದು, ಆದರೆ ಕುದಿಯುವ ಸಾಂಬಾರಿಗೆ ಬಿದ್ದ ಹಲ್ಲಿಯೊಡನೆ ಅದೂ ಸಾಯುತ್ತದೆ. ಹಲ್ಲಿಯನ್ನು ಕಂಡ ಅಸಹ್ಯದಿಂದ, ಭಯದಿಂದ ಮಕ್ಕಳಿಗೆ ಓಕರಿಕೆ ಬರುವುದು ಸಹಜ. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಬರುವುದೂ ಸಹಜ. ಅಂಥ ಮಕ್ಕಳನ್ನೂ ವೈದ್ಯರಿಗೆ ತೋರಿಸಲೇಬೇಕು. ಹಲ್ಲಿ ಬಿದ್ದ ಅಡುಗೆಯನ್ನು ಬಡಿಸಬಾರದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಲ್ಲಿ ಸಿಕ್ಕಿತು ಎಂದ ಕೂಡಲೇ ವಿಚಾರಣೆ ಮುಗಿದುಹೋಗುವುದು ನನಗೆ ಬಹಳ ನೋವು ತರುತ್ತದೆ. ಅನ್ನ ಎಷ್ಟು ಗಂಟೆಗೆ ಆಯಿತು, ಎಲ್ಲಿ ಇಟ್ಟಿದ್ದರು, ಯಾರ ಕೈಯಲ್ಲಿ ಗಾಯವಿತ್ತು ಎಂದು ಆಮೇಲೆ ಯಾರೂ ಕೇಳುವುದಿಲ್ಲ, ಮುಂದಿನ ವಾರವೂ ಅದೇ ಅಡುಗೆಮನೆಯಲ್ಲಿ ಅದೇ ರೀತಿ ನಡೆಯುತ್ತದೆ.

ಶಾಲೆಯ ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ. ಒಳ್ಳೆಯ ನಿಯಮ, ಇರಲೇಬೇಕು. ಉಪ್ಪು ಖಾರದ ಎಡವಟ್ಟು, ಸೀಮೆಎಣ್ಣೆಯೋ ಕೀಟನಾಶಕವೋ ಬೆರೆತ ವಾಸನೆ ಅದರಿಂದ ಗೊತ್ತಾದೀತು. ಆದರೆ ನಾನು ಮೇಲೆ ಹೇಳಿದ ಎರಡೂ ನಂಜುಗಳಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ರುಚಿ ನೋಡಿದ ಶಿಕ್ಷಕಿಗೆ ವಾಂತಿ ಬರುವುದಾದರೂ ಸಾಮಾನ್ಯವಾಗಿ ಎರಡು ಮೂರು ಗಂಟೆಯ ಮೇಲೆ, ಅಷ್ಟರಲ್ಲಿ ಮಕ್ಕಳು ಉಂಡು ಕೈ ತೊಳೆದಿರುತ್ತಾರೆ. ಮಕ್ಕಳನ್ನು ಈ ನಂಜಿನಿಂದ ಕಾಪಾಡುವುದು ಅಡುಗೆ ಮುಗಿದ ಮತ್ತು ಬಡಿಸಿದ ಹೊತ್ತಿನ ನಡುವಿನ ಅಂತರ ಕಡಿಮೆಯಿರುವುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಸರಳವಾಗಿದೆ: ಬೇಯಿಸಿದ ಆಹಾರ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು, ನಡುವಿನ ಬೆಚ್ಚಗಿನ ಸ್ಥಿತಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಉಳಿದದ್ದನ್ನು ಇಡಲೇಬೇಕಾದರೆ ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಬೇಕು. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್ಜಿನಲ್ಲಿಟ್ಟರೆ ಅದರ ನಡುಭಾಗ ತಣ್ಣಗಾಗಲು ಬಹಳ ಹೊತ್ತು ಹಿಡಿಯುತ್ತದೆ.

ಕಾಯಿಲೆ ತರುವುದು ಬ್ಯಾಕ್ಟೀರಿಯಾದ ದೇಹವಲ್ಲ, ಅದು ಬಿಟ್ಟ ನಂಜು ಎಂಬ ವಿಚಾರವನ್ನು ಕಾಲರಾದಲ್ಲಿ ಖಚಿತಪಡಿಸಿದವರು ನಮ್ಮ ದೇಶದವರೇ. ಕಾಲರಾದಲ್ಲಿ ಒಂದು ವಿಷ ಕೆಲಸ ಮಾಡುತ್ತಿರಬೇಕೆಂದು 1884ರಲ್ಲೇ ರಾಬರ್ಟ್ ಕಾಕ್ ಊಹಿಸಿದ್ದರು, ಆದರೆ ಎಪ್ಪತ್ತೈದು ವರ್ಷ ಯಾರಿಗೂ ಅದನ್ನು ತೋರಿಸಲಾಗಲಿಲ್ಲ. 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು ಕಾಲರಾ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಅದರಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲದಂತೆ ಮಾಡಿ, ಮೊಲದ ಕರುಳಿನ ಕಟ್ಟಿದ ತುಂಡಿನೊಳಗೆ ಬಿಟ್ಟರು. ಕರುಳು ನೀರು ತುಂಬಿಕೊಂಡು ಉಬ್ಬಿತು. ಬ್ಯಾಕ್ಟೀರಿಯಾವೇ ಇಲ್ಲದ ನೀರು ಕಾಲರಾದ ಕೆಲಸ ಮಾಡಿತ್ತು. ಆ ನಂಜು ಕರುಳಿನ ಜೀವಕೋಶಗಳಿಂದ ಉಪ್ಪು ನೀರು ಹೊರಗೆ ಸುರಿಯುವಂತೆ ಮಾಡುತ್ತದೆ, ಆದರೆ ಸಕ್ಕರೆಯೊಡನೆ ಉಪ್ಪನ್ನು ಒಳಗೆ ಎಳೆದುಕೊಳ್ಳುವ ಇನ್ನೊಂದು ಬಾಗಿಲನ್ನು ಅದು ಮುಚ್ಚಲಾರದು. ಓಆರ್‌ಎಸ್ ಕೆಲಸ ಮಾಡುವುದು ಆ ಬಾಗಿಲಿನಿಂದ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ, ಡ್ರಿಪ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ರೋಗಿಗಳ ಮನೆಯವರ ಕೈಗೇ ಕೊಟ್ಟರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇವರಿಬ್ಬರ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ತಿಳಿದಿಲ್ಲವೆಂಬುದು ನನ್ನ ಕೊರಗುಗಳಲ್ಲಿ ಒಂದು.

ಊಟದ ನಂಜಿನಿಂದ ವಾಂತಿಯಾದವರಿಗೂ ಮೊದಲು ಬೇಕಾದದ್ದು ಅದೇ ನೀರು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೆ ಪೂರ್ತಿ ಕಲಸಿ, ಗುಟುಕು ಗುಟುಕಾಗಿ ಕುಡಿಸಬೇಕು. ಔಷಧಿ ಅಂಗಡಿಯಿಂದ ಕೇಳಿ ತಂದ ಆಂಟಿಬಯಾಟಿಕ್ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲಬಹುದು, ಹೊಟ್ಟೆ ಸೇರಿದ ನಂಜಿಗೆ ಅದು ನಾಟುವುದಿಲ್ಲ. ಹಸುಗೂಸುಗಳು, ವೃದ್ಧರು, ಗರ್ಭಿಣಿಯರು, ಮೂತ್ರ ಕಟ್ಟಿದವರು, ಮಂಪರಿಗೆ ಜಾರುತ್ತಿರುವವರು, ಕಣ್ಣು ಹಳದಿಯಾದವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸೆರುಲೈಡ್ ಅಪರೂಪಕ್ಕೆ ಯಕೃತ್ತನ್ನೂ ಕೆಡಿಸಿ ಜೀವ ತೆಗೆದದ್ದುಂಟು. ಉಸಿರಾಟ ಕಷ್ಟವಾಗುವುದು, ಕಣ್ಣಿನ ರೆಪ್ಪೆ ಜೋತುಬೀಳುವುದು, ಎರಡೆರಡಾಗಿ ಕಾಣುವುದು ಇದ್ದರೆ ಅದು ಬಾಟುಲಿಸಂ, ಅಂದರೆ ಇನ್ನೊಂದು ಬ್ಯಾಕ್ಟೀರಿಯಾದ ನಂಜು ನರಗಳನ್ನು ಹಿಡಿಯುವ ಕಾಯಿಲೆ ಇರಬಹುದು, ಅಲ್ಲಿ ಒಂದೊಂದು ಗಂಟೆಯೂ ಅಮೂಲ್ಯ. ಆ ನಂಜು ಕುದಿಗೆ ಕೆಡುತ್ತದೆ, ಅದರ ಬೀಜಕ ಕೆಡುವುದಿಲ್ಲ. ಜೇನುತುಪ್ಪದಲ್ಲಿ ಆ ಬೀಜಕ ಇರಬಹುದಾದ್ದರಿಂದ, ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ ಪದ್ಧತಿಯನ್ನು ನಮ್ಮ ಮನೆಗಳಲ್ಲಿ ದಯವಿಟ್ಟು ನಿಲ್ಲಿಸಬೇಕು. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಬೇಡ.

ನನ್ನ ಬಿನ್ನಹ ಇಷ್ಟು. ನಿಮ್ಮ ತಾಲ್ಲೂಕು ವರದಿಗಾರರು ಇಂಥ ಘಟನೆಯ ಸ್ಥಳಕ್ಕೆ ಹೋದಾಗ, ಅಡುಗೆ ಎಷ್ಟು ಗಂಟೆಗೆ ಮುಗಿಯಿತು, ಊಟ ಎಷ್ಟು ಗಂಟೆಗೆ ಆಯಿತು, ಮೊದಲ ವಾಂತಿ ಎಷ್ಟು ಗಂಟೆಗೆ ಆಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರವನ್ನು ಸುದ್ದಿಯಲ್ಲಿ ಅಚ್ಚು ಮಾಡಲಿ. ಏನು ತಿಂದವರಿಗೆ ಆಯಿತು, ಏನು ತಿನ್ನದವರಿಗೆ ಆಗಲಿಲ್ಲ ಎಂಬುದನ್ನೂ ಬರೆದರೆ ಇನ್ನೂ ಉಪಕಾರ. ಆರೋಗ್ಯ ಇಲಾಖೆಯವರು ಬರುವ ಮೊದಲೇ ಪಾತ್ರೆ ತೊಳೆದು ಉಳಿದದ್ದನ್ನು ಚೆಲ್ಲಿಬಿಡುವುದು ನಮ್ಮಲ್ಲಿ ರೂಢಿ, ನಮ್ಮ ಮನೆಯಲ್ಲಿ ನಾನೂ ಅದನ್ನೇ ಮಾಡಿದೆ; ಹಾಗೆ ಮಾಡದೆ, ಒಂದೊಂದು ಬಗೆಯಿಂದ ಒಂದು ಬಟ್ಟಲಿನಷ್ಟನ್ನು ಶುಚಿಯಾದ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡಿ ಎಂಬ ಒಂದು ಸಾಲನ್ನು ಅಂಥ ಪ್ರತಿ ಸುದ್ದಿಯ ಕೆಳಗೆ ಹಾಕಿದರೆ ಪ್ರಯೋಗಾಲಯದಲ್ಲಿ ನನ್ನ ಜಾಗದಲ್ಲಿ ಈಗ ಕೂತಿರುವವರ ಕೈಗೆ ಪರೀಕ್ಷಿಸಲು ಏನಾದರೂ ಸಿಗುತ್ತದೆ. ನಿಮ್ಮ ವರದಿಗಾರರಿಗೆ ಈ ಗಂಟೆಗಳ ಲೆಕ್ಕವನ್ನು ಒಂದು ಮಧ್ಯಾಹ್ನ ಕೂತು ವಿವರಿಸಬೇಕೆಂದರೆ ನಾನು ನನ್ನ ಖರ್ಚಿನಲ್ಲೇ ಬಂದು ಹೇಳಿಕೊಡಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ,
ತುಮಕೂರು ಜಿಲ್ಲೆ